ಹನಿಯಿಲ್ಲದ ಜನವರಿ

ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ, ಹಗಲು ಹೊತ್ತಿನಲ್ಲೇ, ತೌನೊ ತನ್ನ ಕಾರನ್ನು ಹಿಂದಕ್ಕೆ ತೆಗೆಯುತ್ತ ರಸ್ತೆಬದಿಯ ಅಂಚೆಪೆಟ್ಟಿಗೆಗಳಿಗೆ ಗುದ್ದಿದ. ಐದು ಮನೆಗಳ ಐದು ಪೆಟ್ಟಿಗೆಗಳು ಒಂದೇ ಹಲಗೆಯ ಮೇಲೆ ಕೂತಿದ್ದವು. ಹಲಗೆ ಮುರಿಯಿತು, ಇಡೀ ಬೀದಿಯ ಶುಭಾಶಯಗಳು ಹಿಮದ ಪಾಲಾದವು.

ಮೇಲಿನ ಮಹಡಿಯಿಂದ ಮಗಳು ಔತಿ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿಬಂದಳು.

"ಅಪ್ಪಾ, ಕುಡಿದಿದ್ದೀಯಾ?"

ತೌನೊ ಹೆಂಡತಿಯ ಕಡೆ ತಿರುಗಿದ. ಐಲಿ ತಲೆಯೆತ್ತದೆ ಕಾರ್ಡುಗಳನ್ನು ಆರಿಸುತ್ತಿದ್ದಳು.

"ಹೂಂ," ಎಂದ. "ಕಾಯಿಸಿದ ವೈನು. ಎರಡು ಲೋಟ ಜಾಸ್ತಿ ಆಯ್ತು."

"ಬೆಳಿಗ್ಗೆ ಹನ್ನೊಂದಕ್ಕಾ?"

"ಹಬ್ಬ ಅಲ್ವಾ?"

ಔತಿ ಅಪ್ಪನ ಬಾಯಿಯ ಹತ್ತಿರ ಮೂಗು ಒಯ್ದಳು. ವಾಸನೆ ಬರಲಿಲ್ಲ. ವಾಸನೆಯೂ ಬಾರದಂತೆ ಕುಡಿಯುವುದನ್ನು ಕಲಿತಿದ್ದಾನೆ ಎಂದು ಅವಳಿಗೆ ಇನ್ನಷ್ಟು ಅನುಮಾನವಾಯಿತು.

ಮನೆ ಎರಡಂತಸ್ತಿನದು. ಕೆಳಗೆ ತೌನೊ, ಐಲಿ; ಮೇಲೆ ಔತಿ, ಅವಳ ಗಂಡ ಪೆಟ್ರಿ, ಹದಿಮೂರರ ಮಗಳು ವೆನ್ಲಾ. ಅಡುಗೆಮನೆ ಎರಡಿದ್ದರೂ ಊಟ ಎಲ್ಲರಿಗೂ ಕೆಳಗೇ. ಔತಿ ಊರ ಶಾಲೆಯ ಅಡುಗೆಮನೆಯ ಮುಖ್ಯಸ್ಥೆ. ಇನ್ನೂರ ನಲವತ್ತು ಮಕ್ಕಳಲ್ಲಿ ಯಾರು ಏನನ್ನು ತಟ್ಟೆಯಂಚಿಗೆ ತಳ್ಳಿದರು, ಯಾರು ಬ್ರೆಡ್ಡನ್ನು ಜೇಬಿಗಿಳಿಸಿದರು ಎಂದು ನೋಡಿ ನೋಡಿ, ಮನೆಯವರನ್ನೂ ಹಾಗೇ ನೋಡುವುದು ರೂಢಿಯಾಗಿತ್ತು. ಪೆಟ್ರಿಗೆ ಮರ ಕೊಯ್ಯುವ ಮಿಲ್ಲಿನಲ್ಲಿ ಪಾಳಿ ಕೆಲಸ. ವೆನ್ಲಾಗೆ ಮಂಗಳವಾರ ಮತ್ತು ಗುರುವಾರ ಸಂಜೆ ಹದಿನೆಂಟು ಕಿಲೋಮೀಟರ್ ದೂರದ ಪಟ್ಟಣದಲ್ಲಿ ಸ್ಕೀ ತರಬೇತಿ. ಆ ಹೊತ್ತಿಗೆ ಬಸ್ಸೂ ಇಲ್ಲ, ಅಪ್ಪ ಅಮ್ಮನಿಗೆ ಪುರುಸೊತ್ತೂ ಇಲ್ಲ. ಇದ್ದದ್ದು ಅಜ್ಜ ಮತ್ತು ಅಜ್ಜನ ಕಾರು.

ಅಜ್ಜನಿಗೆ ಫೆಬ್ರವರಿ ಆರಕ್ಕೆ ಎಪ್ಪತ್ತೈದು ತುಂಬುವುದಿತ್ತು. ಡಾಕ್ಟರು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟರೆ ಲೈಸೆನ್ಸ್ ಮುಂದುವರಿಯುತ್ತದೆ. ಕೊಡದಿದ್ದರೆ, ಐವತ್ತಾರು ವರ್ಷ ಕಾರು ಓಡಿಸಿದವನಿಗೆ ಪಕ್ಕದ ಸೀಟೇ ಗತಿ.

ಹೊಸ ವರ್ಷದ ಸಂಜೆ ಎಂದಿನಂತೆ ತವರ ಕರಗಿಸಿದರು. ಔತಿಯಂತೂ ತವರ ಕರಗಿಸಿದ್ದು ತವರುಮನೆಯಲ್ಲೇ. ಒಬ್ಬೊಬ್ಬರೂ ಸೌಟಿನಲ್ಲಿ ಪುಟ್ಟ ತವರದ ಲಾಳ ಕರಗಿಸಿ ತಣ್ಣೀರಿನ ಬಕೆಟ್ಟಿಗೆ ಸುರಿದು, ಗಟ್ಟಿಯಾದದ್ದನ್ನು ಮೇಣದ ಬತ್ತಿಯ ಮುಂದೆ ಹಿಡಿದು, ಗೋಡೆಯ ಮೇಲಿನ ನೆರಳಿನಲ್ಲಿ ಬರುವ ವರ್ಷವನ್ನು ಓದಬೇಕು.

"ಅಜ್ಜಾ, ನಿಂದೇನು ಕಾಣಿಸ್ತಿದೆ?" ವೆನ್ಲಾ ಕೇಳಿದಳು.

"ದೋಣಿ ತರ ಇದೆ," ಎಂದು ಐಲಿ ನಡುವೆ ಬಾಯಿ ಹಾಕಿದಳು.

"ದೋಣಿ," ಎಂದ ತೌನೊ. "ಒಳ್ಳೇ ದೋಣಿ."

"ನಿನ್ನ ಕೇಳಿಲ್ಲಮ್ಮ, ಅಪ್ಪನ್ನ ಕೇಳಿದ್ದು," ಎಂದಳು ಔತಿ. ಆಮೇಲೆ ಚೀಟಿಗಳನ್ನು ಹಂಚಿದಳು. "ಈ ವರ್ಷ ದೊಡ್ಡ ದೊಡ್ಡ ಶಪಥ ಬೇಡ. ಒಬ್ಬೊಬ್ಬರು ಒಂದೊಂದು ಚಿಕ್ಕ ಅಭ್ಯಾಸ ಹಿಡೀಬೇಕು. ಚಿಕ್ಕದು. ಆದ್ರೆ ದಿನಾ."

ವೆನ್ಲಾ ಊಟದ ಹೊತ್ತಿನಲ್ಲಿ ಫೋನ್ ಮುಟ್ಟೋಲ್ಲ ಎಂದು ಬರೆದಳು. ಪೆಟ್ರಿ ದಿನಕ್ಕೊಂದು ಹಸಿ ಕ್ಯಾರೆಟ್. ಔತಿ, ಕೇಳಿದ್ದನ್ನೇ ಎರಡು ಸಲ ಕೇಳುವುದಿಲ್ಲ.

"ನಿಜವಾಗ್ಲೂನಾ?" ಎಂದ ಪೆಟ್ರಿ. "ನಿಜವಾಗ್ಲೂ?"

"ಅಣಕಿಸಬೇಡ."

ಐಲಿ ತನ್ನ ಚೀಟಿಯಲ್ಲಿ, 'ಕಾರಿನಲ್ಲಿ ಇವನ ಜೊತೆ ಹೋಗುವುದು' ಎಂದು ಬರೆದಳು. ನಲವತ್ತೆಂಟು ವರ್ಷದ ಸಂಸಾರದಲ್ಲಿ ಕಾರು ಹತ್ತಿದರೆ ಹೊಟ್ಟೆ ತೊಳಸುತ್ತದೆ ಎನ್ನುತ್ತ ಬಂದವಳು.

ತೌನೊನ ಚೀಟಿಯನ್ನು ಔತಿಯೇ ಬರೆದಳು: ಹನಿಯಿಲ್ಲದ ಜನವರಿ. ಊರಿಗೆ ಊರೇ ಹಬ್ಬದ ಕುಡಿತದಲ್ಲಿ ಮಿಂದು ಜನವರಿಯಲ್ಲಿ ಒಣಗುವ ಕಾಲ, ಅದರಲ್ಲಿ ಹೊಸದೇನಿಲ್ಲ. ಹೊಸದಿದ್ದದ್ದು ಷರತ್ತು.

"ಒಂದು ಹನಿ ಮುಟ್ಟಿದ್ರೂ ಕೀ ಮೂವತ್ತು ದಿನ ನನ್ನ ಹತ್ರ. ಎರಡನೇ ಸಲ ಮುಟ್ಟಿದ್ರೆ ಡಾಕ್ಟರಿಗೆ ನಾನೇ ಫೋನ್ ಮಾಡ್ತೀನಿ. ನಿನ್ನ ಪಕ್ಕ ನನ್ನ ಮಗಳು ಕೂತ್ಕೋತಾಳೆ ಅಪ್ಪ."

"ಸರಿ," ಎಂದ ತೌನೊ. ಅಷ್ಟು ಬೇಗ ಒಪ್ಪಿದ್ದು ಔತಿಗೆ ಸರಿಕಾಣಲಿಲ್ಲ. ಮಾರನೆಯ ಬೆಳಿಗ್ಗೆ ಕಪಾಟಿನಲ್ಲಿದ್ದ ಕೊನ್ಯಾಕ್ ಬ್ರಾಂದಿ ಬಾಟಲಿಯ ಲೇಬಲ್ಲಿನ ಮೇಲೆ, ಒಳಗಿನ ಮಟ್ಟಕ್ಕೆ ಸರಿಯಾಗಿ, ಪೆನ್ಸಿಲಿನಿಂದ ಸಣ್ಣ ಗೀಟೆಳೆದಳು.

ಪ್ರತಿ ಗುರುವಾರದ ರೂಢಿಯಂತೆ ಮೊದಲ ಗುರುವಾರ ಬಟಾಣಿ ಸೂಪು, ಆಮೇಲೆ ಒಲೆಯಲ್ಲಿ ಬೇಯಿಸಿದ ದಪ್ಪ ಪ್ಯಾನ್‌ಕೇಕು. ಎಲ್ಲರೂ ಸೂಪಿಗೆ ಸಾಸಿವೆಯ ಟ್ಯೂಬು ಹಿಂಡಿಕೊಂಡರು. ತೌನೊ ಬ್ರೆಡ್ಡಿಗೆ ಹಚ್ಚುವ ಮೀನಿನ ಮೊಟ್ಟೆಯ ಟ್ಯೂಬು ತೆಗೆದು, ಸೂಪಿನ ಮೇಲೆ ನಿಧಾನವಾಗಿ ಗುಲಾಬಿ ಬಣ್ಣದ ಸುರುಳಿ ಬರೆದ. ಚಮಚ ನಿಲ್ಲಿಸಿ ನಾಲ್ವರೂ ನೋಡಿದರು.

ಒಂದು ಚಮಚ ಬಾಯಿಗಿಟ್ಟು ಅವನೂ ನಿಂತ. ಆಮೇಲೆ ನುಂಗಿದ.

"ಚೆನ್ನಾಗಿದೆ," ಎಂದ. "ಹೊಸ ವರ್ಷ, ಹೊಸ ರುಚಿ. ಇಷ್ಟು ವರ್ಷ ಸಾಸಿವೆ ತಿಂದು ಮೋಸ ಹೋದೆ."

"ಅಪ್ಪ, ನಿಜವಾಗ್ಲೂ ಅದನ್ನೇ ಬೇಕು ಅಂತ ಹಾಕ್ಕೊಂಡ್ಯಾ?"

"ನಾನೇ ಕಂಡುಹಿಡಿದದ್ದು. ನೀನೂ ನೋಡು."

ತಟ್ಟೆ ಖಾಲಿಯಾಗುವ ತನಕ ತಿಂದ. ಮುಂದಿನ ಗುರುವಾರವೂ ಮರ್ಯಾದೆಗಾಗಿ ಅದನ್ನೇ ತಿನ್ನಬೇಕಾಯಿತು.

ಅಲ್ಲಿಂದ ಕಂಡುಹಿಡಿಯುವುದೇ ಅವನ ಕಸುಬಾಯಿತು. ಒಂದು ಕಾಲಿಗೆ ತನ್ನ ಬೂಟು, ಇನ್ನೊಂದಕ್ಕೆ ಪೆಟ್ರಿಯದು ಹಾಕಿಕೊಂಡು ಬಂದ. ಎರಡು ಅಳತೆ ಹಾಕಿದರೆ ಬೆನ್ನುನೋವು ಹೋಗುತ್ತದಂತೆ. ಕಾಫಿಯನ್ನು ಅರ್ಧ ಲೋಟಕ್ಕಿಂತ ಹೆಚ್ಚು ಬಗ್ಗಿಸಿಕೊಳ್ಳುವುದನ್ನು ಬಿಟ್ಟ. ಕಡಿಮೆ ಕುಡಿದರೆ ರುಚಿ ಹೆಚ್ಚಂತೆ. ಪತ್ರಿಕೆ ಓದುವುದನ್ನು ನಿಲ್ಲಿಸಿದ. ಸುದ್ದಿಯಿಂದ ರಕ್ತದೊತ್ತಡ ಏರುತ್ತದಂತೆ. "ಅಂತೆ, ಅಂತೆ" ಎಂದು ಅಜ್ಜನ ಗಂಟಲಲ್ಲೇ ಮಾತಾಡುತ್ತ ವೆನ್ಲಾ ಮನೆಯೆಲ್ಲ ಸುತ್ತಿದಳು. ಅವಳು ಯಾರ ದನಿಯನ್ನಾದರೂ ಎರಡು ದಿನದಲ್ಲಿ ಕದಿಯುತ್ತಿದ್ದಳು. ಶಾಲೆಯ ಗಣಿತದ ಮೇಷ್ಟರು ತಮ್ಮದನ್ನು ಇನ್ನೂ ವಾಪಸು ಕೇಳುತ್ತಿದ್ದರು.

ಎರಡನೆಯ ವಾರ ಫ್ರಿಜ್ಜಿನಲ್ಲಿದ್ದ ಕ್ಯಾರೆಟ್‌ಗಳು ಮಾಯವಾಗತೊಡಗಿದವು.

"ನನ್ನ ಅಭ್ಯಾಸಾನ ಯಾರೋ ತಿಂತಿದ್ದಾರೆ," ಎಂದ ಪೆಟ್ರಿ.

ಔತಿ ಒಗೆಯಲು ತೆಗೆದ ಅಪ್ಪನ ಕೋಟಿನ ಜೇಬಿನಿಂದ ಎರಡು ಕ್ಯಾರೆಟ್, ಇನ್ನೊಂದರ ತುದಿ ಬಿದ್ದವು. ಅವಳು ಅಮ್ಮನ ಮುಂದೆ ತಂದಿಟ್ಟಳು.

"ಇದೇನಮ್ಮ?"

"ಕ್ಯಾರೆಟ್."

"ಅದು ಗೊತ್ತು. ಬಾಯಿ ವಾಸನೆ ಮುಚ್ಚೋಕೆ ತಿಂತಿದ್ದಾನೆ, ಅಲ್ವಾ?"

"ನಿನ್ನ ತಲೆ."

"ಮತ್ತೆ ದಿನಾ ಬೆಳಿಗ್ಗೆ ಸೌದೆ ಮನೇಲಿ ಅರ್ಧ ಗಂಟೆ ಏನ್ಮಾಡ್ತಾನೆ? ಒಬ್ಬನೇ ಮಾತಾಡ್ತಾನಂತೆ. ವೆನ್ಲಾ ಕೇಳಿಸ್ಕೊಂಡಿದ್ದಾಳೆ."

ಐಲಿ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಸೌದೆ ಎಣಿಸ್ತಾನೆ."

"ಅಮ್ಮಾ, ಅವನ ಪರ ವಹಿಸ್ಕೊಂಡು ಮಾತಾಡ್ಬೇಡ. ನಿನಗೂ ಏನೋ ಗೊತ್ತಿದೆ."

"ನನಗೆ ಗೊತ್ತಿರೋದು ಒಂದೇ. ನೀನು ಕೇಳಿದ್ದನ್ನೇ ಎರಡು ಸಲ ಕೇಳಲ್ಲ ಅಂತ ಬರೆದುಕೊಟ್ಟಿದ್ದೀಯ."

ಔತಿ ಸೌದೆ ಮನೆಗೆ ಹೋಗಿ ಅಟ್ಟಿಯ ಹಿಂದೆ, ಬಕೆಟ್ಟಿನ ಕೆಳಗೆ, ಹಳೆಯ ಬೂಟುಗಳ ಒಳಗೆ ಕೈಹಾಕಿ ನೋಡಿದಳು. ಬಾಟಲಿ ಸಿಗಲಿಲ್ಲ. ಸೌದೆಯ ಪುಡಿ ಸಿಕ್ಕಿತು, ಕೈಗೆ ಸಿಬಿರು ಚುಚ್ಚಿತು.

ಮೂರನೆಯ ಮಂಗಳವಾರ ಐಲಿಗೆ ಜ್ವರ ಬಂತು. ತೌನೊ ವೆನ್ಲಾಳನ್ನು ಒಬ್ಬನೇ ಕರೆದುಕೊಂಡು ಹೋದ. ಸಂಜೆ ಆರೂವರೆಗೆ ಔತಿಯ ಫೋನ್ ರಿಂಗಾಯಿತು. ಅತ್ತಲಿಂದ ಗುರುತಿಲ್ಲದ ಗಂಡಸಿನ ದನಿ.

"ವೆನ್ಲಾ ತಾಯಿನಾ? ನಿಮ್ಮ ತಂದೆ ನನ್ನ ಮಗಳ ಸ್ಕೀ ಕಿತ್ಕೊಂಡು ತಮ್ಮ ಕಾರಿನ ಮೇಲೆ ಕಟ್ಟಿದ್ರು. 'ಹತ್ತು, ಹತ್ತು, ಚಳಿ' ಅಂತ ಅವಳ ತೋಳು ಹಿಡಿದು ಎಳೆದ್ರು. ಮಗು ಹೆದರಿ ಅಳ್ತಿದೆ. ಏನ್ ಕಥೆ ಇದು?"

ಔತಿ ಕ್ಷಮೆ ಕೇಳಿದಳು. ಒಂದೇ ಸಂಘದ ನೀಲಿ ಜಾಕೆಟ್ಟು, ಕತ್ತಲು, ಹಿಮ ಎಂದಳು. ಅಷ್ಟು ಹೇಳುವಾಗಲೇ ಅವಳ ಕೈ ಕಪಾಟು ತೆಗೆದಿತ್ತು. ಕೊನ್ಯಾಕ್ ಪೆನ್ಸಿಲ್ ಗೀಟಿಗಿಂತ ಎರಡು ಬೆರಳು ಕೆಳಗಿತ್ತು.

ಕಾರು ಬಂದಾಗ ಏಳೂವರೆ. ವೆನ್ಲಾ ಮುಖ ಊದಿಸಿಕೊಂಡು ಒಳಗೆ ಬಂದಳು. "ಇಡೀ ದಾರಿ ಒಂದು ಹಾಲಿನ ಲಾರಿ ಹಿಂದೇನೇ ಬಂದ್ವಿ. ಲಾರಿ ನಿಂತ್ರೆ ಅಜ್ಜಾನೂ ನಿಲ್ಲಿಸ್ತಾನೆ. ಡೈರಿ ಅಂಗಳದ ಒಳಗೇ ಹೋಗಿಬಿಟ್ವಿ!"

ಔತಿ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅಪ್ಪ, ಇದರಿಂದ ಕುಡಿದ್ಯಾ?"

ತೌನೊ ಟೋಪಿ ತೆಗೆಯದೆ ನಿಂತಿದ್ದ. ಒಳಕೋಣೆಯಲ್ಲಿ ಐಲಿ ಕೆಮ್ಮಿದಳು.

"ಕುಡಿದೆ," ಎಂದ.

"ಮಗು ಇತ್ತು ಕಾರಲ್ಲಿ!"

"ಕುಡಿದೆ ಅಂದೆನಲ್ಲ. ಇನ್ನು ಕುಡಿಯಲ್ಲ. ತಗೋ." ಕೀಯನ್ನು ಮೇಜಿನ ಮೇಲಿಟ್ಟ. ಅದು ಅಂಚಿನಿಂದ ಜಾರಿ ಕೆಳಗೆ ಬಿತ್ತು. "ಮೂವತ್ತು ದಿನ ತಾನೆ? ಆಯ್ತು. ಡಾಕ್ಟರಿಗೆ ಮಾತ್ರ ಹೇಳ್ಬೇಡ. ಷರತ್ತು ಷರತ್ತೇ."

ಕ್ಯಾರೆಟ್ ಕಡಿಯುತ್ತ ಕೂತಿದ್ದ ಪೆಟ್ರಿ ಅಗಿಯುವುದನ್ನು ನಿಲ್ಲಿಸಿದ. ಹಿಂದಿನ ಭಾನುವಾರ, ಮನೆಯಲ್ಲಿ ಯಾರೂ ಇಲ್ಲದಾಗ, ಆ ಎರಡು ಬೆರಳು ಕೊನ್ಯಾಕ್ ಇಳಿದದ್ದು ಅವನ ಗಂಟಲಿನಲ್ಲಿ.

ಅವನು ನಾಲ್ಕು ದಿನ ತಡೆದುಕೊಂಡ. ಶನಿವಾರ ಮಧ್ಯಾಹ್ನ, ಮುದುಕರಿಬ್ಬರೂ ಮೊದಲ ಸರದಿಯಲ್ಲಿ ಸೌನಾದ ಹಬೆಸ್ನಾನಕ್ಕೆ ಹೋದಾಗ, ಸಾಸೇಜು ಹೆಚ್ಚುತ್ತಿದ್ದ ಹೆಂಡತಿಯ ಹಿಂದೆ ಬಂದು ನಿಂತ.

"ಔತಿ, ಕತ್ತಿ ಕೆಳಗಿಡು. ಒಂದು ಮಾತು."

"ಹೇಳು, ಕತ್ತಿ ಇರ್ಲಿ."

ಹೇಳಿದ. ಕತ್ತಿ ಕೆಳಗಿಟ್ಟವಳು ಬೈಯಲಿಲ್ಲ. ಅದು ಪೆಟ್ರಿಗೆ ಇನ್ನೂ ಭಯ ಹುಟ್ಟಿಸಿತು.

"ಹಾಗಾದ್ರೆ ಅಪ್ಪ ಯಾಕೆ ತಾನು ಅಂತ ಒಪ್ಕೊಂಡ?"

"ನನ್ನ ಉಳಿಸೋಕೆ ಅಂತ..."

"ನಿನ್ನನ್ನಾ? ಮದುವೆ ದಿನ ನಿನ್ನ ಹೆಸರೇ ತಪ್ಪು ಹೇಳಿದ ಮನುಷ್ಯ!"

"ಬೇಕು ಅಂತಾನೇ ಹೇಳಿದ್ದು ಅಂತ ನನಗೆ ಇವತ್ತಿಗೂ ಅನುಮಾನ."

"ಕುಡಿದಿಲ್ಲ. ಕುಡಿದೆ ಅಂತಾನೆ. ಯಾರಾದ್ರೂ ಹಾಗೆ ಹೇಳ್ತಾರಾ?" ಔತಿ ಕೂತಳು. "ಅದಕ್ಕಿಂತ ದೊಡ್ಡದು ಏನನ್ನೋ ಮುಚ್ಚಿಡ್ತಿದ್ದಾನೆ. ವೆನ್ಲಾ, ಇಲ್ಲಿ ಬಾ. ಸೌದೆ ಮನೇಲಿ ಅಜ್ಜ ಏನಂತ ಮಾತಾಡ್ತಾನೆ?"

ವೆನ್ಲಾಗೆ ಎರಡು ಸಲ ಹೇಳಬೇಕಾಗಿರಲಿಲ್ಲ. ಭುಜ ಇಳಿಸಿ, ಕೆಳದುಟಿ ಮುಂದೆ ತಂದು ಅಜ್ಜನಾದಳು. "ಕೆ... ವಿ, ಎನ್... ಆರ್, ಸಿ, ಝಡ್, ಎಚ್... ಥೂ ಹಾಳಾದ್ದು. ಕೆ... ವಿ, ಎನ್..."

"ಇದೇನು ಲಾಟರಿನಾ?" ಎಂದ ಪೆಟ್ರಿ.

"ಕಾರಲ್ಲಿ ಅಜ್ಜಿದು ಇನ್ನೂ ಮಜಾ ಅಪ್ಪ." ವೆನ್ಲಾ ಕುರ್ಚಿಯಂಚಿಗೆ ಸರಿದು, ಮಡಿಲಲ್ಲಿ ಕೈಚೀಲ ಹಿಡಿದಂತೆ ಕೂತಳು. ಕತ್ತು ಚಾಚಿತು, ದನಿ ಐಲಿಯದಾಯಿತು. "ಎಡಗಡೆ ಸೈಕಲ್ಲು, ಸೈಕಲ್ಲು. ದಾಟ್ತು. ಎದುರಿಗೊಂದು ಕಾರು, ಸ್ವಲ್ಪ ಬಲಕ್ಕೆ ಬಾ, ಸಾಕು. ಸಾಕು ಅಂದೆ ಪುಣ್ಯಾತ್ಮ! ದೀಪ ಕೆಂಪು. ಕೆಂಪು. ಕೆಂಪು. ಈಗ ಹಸಿರು, ಹೊರಡು. ಅಲ್ಲಿ ನಾಯಿ, ಇಲ್ಲ ಅದು ಚೀಲ. ತಿರುವು ಬಂತು, ಒಂದು, ಎರಡು, ತಿರುಗಿಸು!"

ಪೆಟ್ರಿ ಮೇಜು ಬಡಿದು ನಕ್ಕ. ವೆನ್ಲಾ ತಲೆಬಾಗಿ ವಂದಿಸಿದಳು.

ಔತಿಯ ಮುಖ ಸೌನಾ ಹೊರಗಿನ ಹಿಮದಂತೆ ಬಿಳಿಚಿತು.

"ಇನ್ನೊಂದ್ಸಲ ಮಾಡು," ಎಂದಳು. ಎರಡನೆಯ ಸಲಕ್ಕೆ ಪೆಟ್ರಿಯೂ ನಗಲಿಲ್ಲ.

ಮುದುಕರು ಕೆಂಪಗೆ ಬೆಂದು ಬಂದರು. ಐಲಿ ತಲೆಗೆ ಟವಲು ಸುತ್ತಿದ್ದಳು. ತೌನೊನ ಕೈ ಅವಳ ಮೊಣಕೈ ಹಿಡಿದಿತ್ತು. ಮುದ್ದಿನಿಂದ ಹಿಡಿದದ್ದೆಂದು ಮನೆಯವರೆಲ್ಲ ತಿಂಗಳಿಂದ ತಿಳಿದಿದ್ದರು.

ಔತಿ ಕಿಟಕಿಯ ಬಳಿ ನಿಂತು ಬಲಗೈ ಮುಂದೆ ಚಾಚಿದಳು.

"ಅಪ್ಪ, ಪೆಟ್ರಿ ಎಲ್ಲಾ ಹೇಳ್ದ. ಕುಡಿದಿದ್ದು ಅವನಂತೆ. ನನ್ನದೇ ತಪ್ಪಾಯ್ತು. ತಗೋ ನಿನ್ನ ಕೀ."

ತೌನೊನ ಮುಖ ಅರಳಿತು. ಎರಡು ಹೆಜ್ಜೆ ಮುಂದೆ ಬಂದು, "ನೋಡಿದ್ಯಾ, ನಾನು ಮೊದಲೇ..." ಎನ್ನುತ್ತ ಅವಳ ಅಂಗೈಗೆ ಕೈಹಾಕಿದ. ಬೆರಳುಗಳು ಅಂಗೈಯಲ್ಲೆಲ್ಲ ಹುಡುಕಿದವು. ಮಣಿಕಟ್ಟಿನ ತನಕ ಹೋಗಿ ಮತ್ತೆ ಬಂದವು.

ಕೈ ಖಾಲಿಯಿತ್ತು. ಅವಳು ಏನನ್ನೂ ಹಿಡಿದಿರಲಿಲ್ಲ.

"ಎಷ್ಟು ದಿನದಿಂದ ಅಪ್ಪ?"

ಅವನು ಕೈ ಹಿಂದೆ ತೆಗೆದುಕೊಂಡ. ಉತ್ತರ ಕೊಟ್ಟವಳು ಐಲಿ. "ಕಳೆದ ಬೇಸಿಗೆಯಿಂದ. ನಡುವಿನ ಭಾಗ ಮಸುಕು ಅಂತಾನೆ. ಪಕ್ಕದ್ದು ಕಾಣುತ್ತಂತೆ, ನೇರ ಇದ್ದಿದ್ದು ಕಾಣಲ್ಲ."

"ಆ ಕೆ, ವಿ, ಎನ್?"

"ಡಾಕ್ಟರ ಕೋಣೆ ಗೋಡೆ ಮೇಲಿರೋ ಅಕ್ಷರ. ನನ್ನ ರಕ್ತದೊತ್ತಡ ನೋಡಿಸೋಕೆ ಹೋದಾಗ ಬರ್ಕೊಂಡು ಬಂದೆ. ಇವನು ಬಾಯಿಪಾಠ ಮಾಡ್ತಿದ್ದಾನೆ. ಕೊನೇ ಸಾಲು ಇನ್ನೂ ಬಂದಿಲ್ಲ."

"ಕ್ಯಾರೆಟ್ಟು ಕಣ್ಣಿಗೆ ಒಳ್ಳೇದು ಅಂತ," ಎಂದ ಪೆಟ್ರಿ, ತನಗೆ ತಾನೇ.

"ಅಮ್ಮಾ!" ಔತಿಯ ದನಿ ಒಡೆಯಿತು. "ನೀನು ಗೊತ್ತಿದ್ದೂ... ವೆನ್ಲಾ ಹಿಂದಿನ ಸೀಟಲ್ಲಿ ಇದ್ದಳಮ್ಮ!"

"ಅದಕ್ಕೇ ನಾನು ಮುಂದಿನ ಸೀಟಲ್ಲಿ ಕೂತೆ. ಹೋದಲ್ಲೆಲ್ಲ ವಾಂತಿ ಬರೋದನ್ನ ನುಂಗಿಕೊಂಡು ಕೂತೆ."

"ಮಂಗಳವಾರ ಕೂತಿರ್ಲಿಲ್ಲ!"

ಐಲಿ ಟವಲು ಬಿಚ್ಚಿ ಮತ್ತೆ ಸುತ್ತಿಕೊಂಡಳು. "ಹೋಗ್ಬೇಡ ಅಂದೆ. ಎದ್ದು ಬಾಗಿಲಿಗೆ ಅಡ್ಡ ನಿಲ್ಲೋಕೆ ಆಗ್ಲಿಲ್ಲ. ನಿಲ್ಬೇಕಿತ್ತು."

"ಅಂಚೆಪೆಟ್ಟಿಗೆಗೆ ಗುದ್ದಿದ ದಿನಾನೂ ಕುಡಿದಿರ್ಲಿಲ್ಲ ಅಲ್ವಾ ಅಪ್ಪ? ಯಾಕೆ? ಕುಡುಕ ಅನ್ನಿಸ್ಕೊಳ್ಳೋದೇ ಚೆನ್ನಾಗಿತ್ತಾ?"

"ಹೌದು," ಎಂದ ತೌನೊ. ದನಿ ಏರಿಸಲಿಲ್ಲ. "ಕುಡುಕ ಅಂದ್ರೆ ಒಂದು ತಿಂಗಳು ಬಿಟ್ಟು ತೋರಿಸಬಹುದು. ನೀವೆಲ್ಲ ಭೇಷ್ ಅಂತೀರಿ. ಇದನ್ನ ಹೇಗೆ ಬಿಡ್ಲಿ? ನಮ್ಮಮ್ಮ ಕಣ್ಣು ಹೋಗಿ ಹದಿನೈದು ವರ್ಷ ಆ ಕಿಟಕಿ ಹತ್ರ ಕೂತಿದ್ದಳು. ಊಟ ಬಡಿಸಿದೀವಿ ಅಂತ ನಾವು ಹೇಳಿದ್ರೇನೇ ಅವಳಿಗೆ ಊಟ ಬಂದಿದ್ದು ಗೊತ್ತಾಗ್ತಿತ್ತು."

ವೆನ್ಲಾ ಮೂಲೆಯಲ್ಲಿ ನಿಂತಿದ್ದಳು. "ಅಜ್ಜ, ನನ್ನ ಮುಖ ಕಾಣುತ್ತಾ?"

"ಪಕ್ಕಕ್ಕೆ ತಿರುಗಿದ್ರೆ ಕಾಣುತ್ತೆ ಮರಿ."

"ಅದಕ್ಕೇನಾ ನೀನು ನನ್ನ ಜೊತೆ ಮಾತಾಡುವಾಗ ಕಿಟಕಿ ಕಡೆ ನೋಡೋದು? ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ."

ಒಲೆಗಿಟ್ಟಿದ್ದ ಸಾಸೇಜು ಸೀದುಹೋಯಿತು. ಯಾರೂ ಅತ್ತ ಹೋಗಲಿಲ್ಲ. ಕೊನೆಗೆ ಪೆಟ್ರಿ ಎದ್ದು ಆರಿಸಿ, ಕಪ್ಪಾದದ್ದನ್ನೇ ತಟ್ಟೆಗಳಿಗೆ ಹಾಕಿದ. ಐವರೂ ತಿಂದರು. "ಇದು ನನ್ನ ಹೊಸ ರುಚಿ," ಎಂದು ಅವನು ಮೆಲ್ಲಗೆ ಹೇಳಿದಾಗ ತೌನೊ ಮಾತ್ರ ಮೂಗಿನಲ್ಲಿ ನಕ್ಕ.

ಭಾನುವಾರ ಇಡೀ ಮನೆ ಪಿಸುಗುಟ್ಟಿತು. ಔತಿ ಎರಡು ಸಲ ಫೋನ್ ಎತ್ತಿದಳು, ಎರಡು ಸಲವೂ ಇಟ್ಟಳು. ಅವಳು ಡಾಕ್ಟರಿಗೆ ಹೇಳಿದರೆ ಲೈಸೆನ್ಸ್ ಹೋಗುತ್ತದೆ. ಅಪ್ಪನೂ ದೂರ ಹೋಗುತ್ತಾನೆ, ಅದೇ ಮನೆಯಲ್ಲೇ, ಅದೇ ಮೇಜಿನ ಆಚೆ ಬದಿಗೆ. ಹೇಳದಿದ್ದರೆ ಫೆಬ್ರವರಿಯಲ್ಲಿ ಅವನು ಕೊನೆಯ ಸಾಲನ್ನೂ ಬಾಯಿಪಾಠ ಮಾಡಿಕೊಂಡು ಬಂದು ನಿಲ್ಲುತ್ತಾನೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವಳು ಕೋಟು ಹಾಕಿಕೊಂಡು ಕೆಳಗೆ ಬಂದಾಗ ತೌನೊ ಫೋನನ್ನು ಮೂಗಿನ ಹತ್ತಿರ ಓರೆಯಾಗಿ ಹಿಡಿದು ಒಂದೊಂದೇ ಅಂಕಿ ಒತ್ತುತ್ತಿದ್ದ. ಐಲಿ ಪಕ್ಕದಲ್ಲಿದ್ದರೂ ಅಂಕಿ ಹೇಳಿಕೊಡುತ್ತಿರಲಿಲ್ಲ.

"ಯಾರಿಗೆ?" ಎಂದಳು ಔತಿ.

"ಆಸ್ಪತ್ರೆಗೆ. ಸಾಲಿನಲ್ಲಿದ್ದೀರಿ, ಇವತ್ತೇ ವಾಪಸ್ ಫೋನ್ ಮಾಡ್ತೀವಿ ಅಂತ ಮೆಷಿನ್ ಹೇಳ್ತು."

"ಅವರು ಮಾಡಿದಾಗ ಏನಂತ ಹೇಳ್ತೀಯ?"

"ಇನ್ನೂ ಗೊತ್ತಿಲ್ಲ," ಎಂದ. ಔತಿ ನಂಬಲಿಲ್ಲ. ರಕ್ತದೊತ್ತಡ ಅಂತಾನೆ, ಬೆನ್ನುನೋವು ಅಂತಾನೆ ಎಂದುಕೊಂಡೇ ಕೆಲಸಕ್ಕೆ ಹೋದಳು.

ಫೋನ್ ಬಂದದ್ದು ಸಂಜೆ ನಾಲ್ಕೂವರೆಗೆ, ಎಲ್ಲರೂ ಆಲೂಗಡ್ಡೆ ಸುಲಿಯುತ್ತ ಊಟಕ್ಕೆ ಕೂತಾಗ. ತೌನೊನ ಕೈ ಉಪ್ಪಿನ ಡಬ್ಬಿಗೆ ತಗುಲಿ, ಬೆಣ್ಣೆಗೆ ತಗುಲಿ, ಫೋನಿಗೆ ಬಂತು. ವೆನ್ಲಾ ಬಗ್ಗಿ ಒಂದು ಗುಂಡಿ ಒತ್ತಿದಳು. ನರ್ಸಿನ ದನಿ ಇಡೀ ಅಡುಗೆಮನೆಗೆ ಕೇಳಿಸಿತು.

"ಹೇಳಿ, ಏನು ತೊಂದರೆ?"

ಔತಿ ಚಾಕು ಹಿಡಿದೇ ಕೂತಿದ್ದಳು. ಐಲಿ ತಟ್ಟೆಯನ್ನೇ ನೋಡುತ್ತಿದ್ದಳು.

"ಕಣ್ಣು," ಎಂದ ತೌನೊ. ಗಂಟಲು ಸರಿಮಾಡಿಕೊಂಡ. "ಕಣ್ಣು ಕಾಣಿಸ್ತಿಲ್ಲ. ಎರಡೂ."

"ಎಷ್ಟು ದಿನದಿಂದ?"

"ಜೂನ್‌ನಿಂದ."

"ಅಯ್ಯೋ, ಜೂನ್‌ನಿಂದಾನಾ? ಸರಿ, ಬೇಗ ನೋಡಿಸೋಣ. ಕೆಲವಕ್ಕೆ ಔಷಧಿ ಇದೆ, ಆಪರೇಷನ್ ಇದೆ, ನೋಡಿದ ಮೇಲೇ ಹೇಳೋಕಾಗೋದು. ಎರಡು ಮೂರು ಪ್ರಶ್ನೆ ಕೇಳ್ತೀನಿ, ಎಲ್ಲರಿಗೂ ಕೇಳೋದೇ. ಮದ್ಯಪಾನ ಮಾಡ್ತೀರಾ?"

ಪೆಟ್ರಿ ಕೆಮ್ಮಿದ.

"ಇಲ್ಲ," ಎಂದ ತೌನೊ. "ಆ ವಿಷಯದಲ್ಲಿ ಸುಮ್ಮನೆ ಹೆಸರು ಕೆಟ್ಟಿದೆ."

"ಏನಂದ್ರಿ?"

"ಇಲ್ಲ ಅಂದೆ."

"ಸರಿ." ಕೀಲಿಮಣೆಯ ಸದ್ದು ಕೇಳಿಸಿತು. "ಮತ್ತೆ, ಗಾಡಿ ಓಡಿಸ್ತೀರಾ?"

ಔತಿಗೆ ಎದ್ದು ಫೋನು ಕಿತ್ತುಕೊಳ್ಳಬೇಕೆನಿಸಿತು. ಕೂತಲ್ಲೇ ಕೂತಳು. ಐಲಿ ತನ್ನ ಗಂಡನ ಮುಖ ನೋಡಿದಳು. ಎಡಗಡೆ, ಬಲಗಡೆ ಎಂದು ಏನನ್ನೂ ಹೇಳಲಿಲ್ಲ. ತೌನೊ ವೆನ್ಲಾ ಕೂತಿದ್ದ ದಿಕ್ಕಿನಿಂದ ಸ್ವಲ್ಪ ಪಕ್ಕಕ್ಕೆ, ಖಾಲಿ ಗೋಡೆಯ ಕಡೆಗೆ ಕತ್ತು ಹೊರಳಿಸಿ, ಹಾಗೇ ಅವಳನ್ನು ಒಂದು ಗಳಿಗೆ ನೋಡಿದ.

"ಓಡಿಸ್ತಿದ್ದೆ," ಎಂದ.